ಕೈ ಗೋಡೆ ಮುಟ್ಟುವ ತನಕ

(ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ.)

ಸುಮಂತ ಅಂತ ಕರೆಯೋಣ. 15 ವರ್ಷ. ಹೊಸನಗರದ ಕಡೆಯವನು, ಓದಲಿಕ್ಕೆ ಶಿವಮೊಗ್ಗದ ಅತ್ತೆ ಮನೆಯಲ್ಲಿದ್ದಾನೆ. ಮಾತು ತೊದಲುತ್ತದೆ. ಹತ್ತು ದಿನದಿಂದ ಶಾಲೆಗೆ ಹೋಗಿಲ್ಲ ಅಂತ ತಾಯಿ ನನ್ನ ಬಳಿ ಸಲಹೆಗೆ ಕರೆತಂದಿದ್ದರು. ನಾನು ಅವನನ್ನು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಹೇಳುತ್ತಿದ್ದರು. ಅವನು ಕೊಡೆಯಿಂದ ಇಳಿದ ನೀರು ನೆಲದ ಮೇಲೆ ಹರಡುವುದನ್ನು ನೋಡುತ್ತಾ ಕೂತಿದ್ದ.

ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ವಿಷಯ ಬಂತು. ಶಾಲೆಯ ಈಜು ರಿಲೇಗೆ ಮೇಷ್ಟ್ರು ಆರಿಸಿದ್ದು ಯಾವ ಗುಂಪಿಗೂ ಸೇರದ ನಾಲ್ವರನ್ನು. ದಪ್ಪ ಅಂತ ಎಲ್ಲರೂ ಆಡಿಕೊಳ್ಳುವ ಒಬ್ಬ, ಬೇರೆ ಊರಿಂದ ಹೊಸದಾಗಿ ಬಂದವನೊಬ್ಬ, ಒಬ್ಬನೇ ಕೂತು ಊಟ ಮಾಡುವವನೊಬ್ಬ, ಇವನು. ಸುಮಂತ ಈಜು ಕಲಿತದ್ದು ಅಡಿಕೆ ತೋಟದ ಕೆಳಗಿನ ಹಳ್ಳದಲ್ಲಿ, ತಲೆ ಮೇಲೆತ್ತಿಕೊಂಡು. ಮುಖ ಮುಳುಗಿಸಿ ನೀರೊಳಗೆ ಉಸಿರು ಬಿಡುವುದನ್ನು ಉಳಿದ ಮೂವರು ಕಲಿಸಿದರು. "ನೀರಲ್ಲಿ ಯಾರೂ ಮಾ... ಮಾತಾಡಲ್ಲ ಅಲ್ವಾ ಮೇಡಂ" ಎಂದ.

ರಿಲೇಯಲ್ಲಿ ಬರುತ್ತಿರುವವನ ಕೈ ಗೋಡೆ ಮುಟ್ಟುವ ಮೊದಲೇ ಮುಂದಿನವನ ಕಾಲು ಕಟ್ಟೆ ಬಿಟ್ಟರೆ ಇಡೀ ತಂಡವೇ ಔಟ್. ಸ್ಪರ್ಧೆಯ ದಿನ ಇವನು ಒಂದು ಕ್ಷಣ ಮೊದಲೇ ಹಾರಿದ್ದ.

ತಾಯಿ ಮತ್ತೆ ಒಳಗೆ ಬಂದಾಗ ಹೇಳಿದೆ: "ಹೋಗ್ಲಿ ಬಿಡು ಅನ್ನಬೇಡಿ. ಮೊದಲ ಸಲ ಮೂವರು ಅವನನ್ನು ನಂಬಿದ್ದರು, ಅವನಿಗೆ ಅದು ಸಣ್ಣದಲ್ಲ. ಮಾತು ಸಿಕ್ಕಿಕೊಂಡಾಗ ನೀವು ಮುಗಿಸಿಕೊಡಬೇಡಿ. ನಿಧಾನ ಹೇಳು ಅಂತಲೂ ಬೇಡ. ಸುಮ್ನೆ ಕಾಯಿರಿ. ಅವನ ಮಾತು ಗೋಡೆ ಮುಟ್ಟುವ ಮೊದಲೇ ನೀವೂ ಹಾರ್ತಿದ್ದೀರಿ." ಹುಡುಗ ಅವತ್ತು ನಕ್ಕಿದ್ದು ಆಗ ಮಾತ್ರ.

ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದೆ. ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ತಡ ಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಎಂದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಸುಮಂತನಿಗೆ ಮರೆತುಬಿಡು ಅಂತ ಹೇಳಲಿಲ್ಲ. ಎಷ್ಟು ಹೊತ್ತಾದರೂ ಸರಿ, ಮೂವರಿಗೂ ನೀನೇ ಹೇಳು ಎಂದೆ. ಮುಂದಿನ ವಾರ ನಾಲ್ವರೂ ಬಂದರು, ಮೂವರು ಕೂರುವ ಬೆಂಚಲ್ಲಿ ಒತ್ತಿಕೊಂಡು ಕೂತರು. "ನನ್ನಿಂದ ಸೋ... ಸೋತ್ವಿ" ಅನ್ನಲು ಅವನಿಗೆ ತುಂಬಾ ಹೊತ್ತು ಹಿಡಿಯಿತು. ಮೂವರೂ ಕಾದರು. ಇವನಿಗಿಂತ ಮುಂಚೆ ಈಜಿದವನು, "ಕೊನೇಲಿ ನಾನೂ ನಿಧಾನ ಆದೆ ಕಣೋ, ನಿನ್ನ ಅಂದಾಜು ತಪ್ಪಿದ್ದು ಅದಕ್ಕೇ" ಎಂದ. ಈಗ ಸಂಜೆ ಆ ಹಾರುವುದೊಂದನ್ನೇ ಅಭ್ಯಾಸ ಮಾಡುತ್ತಿದ್ದಾರೆ.

ಮೊನ್ನೆ ತಾಯಿ ಫೋನ್ ಮಾಡಿದ್ದರು. "ಬಾಯಿವರೆಗೂ ಬಂದಿರುತ್ತೆ ಮೇಡಂ, ತಡ್ಕೊಳ್ತೀನಿ" ಎಂದರು.