ಹುಣಸಿ ಗಿಡದ ಬುಡ ಬಿಡಿಸಿ

ಪ್ರಶ್ನೆ: ಅಕ್ಕಾ, ನಮ್ಮ ಓಣಿಯಲ್ಲಿ ಹಳೆಯ ಹುಣಸಿ ಗಿಡ ಇದೆ. ಹೋದ ವರ್ಷ ಸಿ.ಸಿ. ರಸ್ತೆ ಮಾಡುವಾಗ ಬುಡದ ತನಕ ಕಾಂಕ್ರೀಟ್ ಸುರಿದರು. ಈಗ ತುದಿ ಟೊಂಗೆಗಳು ಒಣಗುತ್ತಿವೆ. ಎದುರು ಮನೆಯ ಕಾಕಾ, ‘ವೈರಿಗೆ ತಾಗ್ತದ, ಕಸ ಬೀಳ್ತದ, ಹುಣಸ್ಯಾಗ ದೆವ್ವ ಇರ್ತದ, ಕಡಿಸಿಬಿಡೋಣು’ ಅಂತಾರೆ. ಬೇಡ ಅನ್ನುವವಳು ನಾನೊಬ್ಬಳೇ. ಏನು ಮಾಡಲಿ?
– ಓದುಗಿ, ಕಲಬುರಗಿ

ಉತ್ತರ: ತಂಗಿ, ಕಾಕಾ ಅವರ ಮಾತು ಆಮೇಲೆ. ಮೊದಲು ಆ ಕಾಂಕ್ರೀಟ್ ಒಡೆಸಬೇಕು. ನೀರು ಹೀರುವ ಸಣ್ಣ ಬೇರುಗಳು ಜಾಸ್ತಿ ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ. ಅವಕ್ಕೆ ನೀರಷ್ಟೇ ಅಲ್ಲ, ಗಾಳಿಯೂ ಬೇಕು. ಎರಡೂ ನಿಂತರೆ ಗಿಡ ಒಮ್ಮೆಲೇ ಸಾಯುವುದಿಲ್ಲ, ತುದಿಯಿಂದ ಒಣಗುತ್ತಾ ಬರುತ್ತದೆ. ನೀವು ನೋಡುತ್ತಿರುವುದು ಅದೇ ಇರಬೇಕು.

ಪಾಲಿಕೆಗೆ ಅರ್ಜಿ ಬರೆಯಿರಿ. ಫೋಟೋ ಅಂಟಿಸಿ, ಓಣಿಯವರ ಸಹಿ ಹಾಕಿಸಿ, ನಿಮ್ಮ ಪ್ರತಿಗೆ ಸೀಲು ಹೊಡೆಸಿಕೊಳ್ಳಿ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ, ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದು ಎಂದು ಹೇಳಿದೆ. ಆದೇಶ ದೆಹಲಿಯದು, ಆದರೆ ಕಲಬುರಗಿಯ ಬೇರಿಗೂ ಅದೇ ಗಾಳಿ ಬೇಕಲ್ವಾ? ಅರ್ಜಿಯಲ್ಲಿ ಈ ಅಳತೆ ಬರೆಯಿರಿ. ಒಡೆಯುವವರು ಬಂದಾಗ ಪಕ್ಕದಲ್ಲೇ ನಿಂತಿರಿ. ಬುಡದ ಹತ್ತಿರ ಸುತ್ತಿಗೆ, ಉಳಿ ಸಾಕು, ದೊಡ್ಡ ಯಂತ್ರ ಬೇಡ. ತೆರೆದ ಜಾಗಕ್ಕೆ ಸಡಿಲ ಮಣ್ಣು, ಹಳೆ ಗೊಬ್ಬರ ಹಾಕಿ. ಕಾಂಡಕ್ಕೆ ಮಣ್ಣು ಏರಿಸಬೇಡಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದಕ್ಕೆ ಉದುರಿದ ಎಲೆಯನ್ನೇ ಮೇಲೆ ಹರಡಿ. ಕಾಕಾ ಹೇಳುವ ಕಸಕ್ಕೂ ಒಂದು ಜಾಗ ಸಿಕ್ಕಿತು.

ಇನ್ನು ಕಡಿಯುವ ಮಾತು. ರಸ್ತೆಯ ಗಿಡ ಓಣಿಯವರು ಸೇರಿ ತೀರ್ಮಾನಿಸಿ ಕಡಿಸುವಂಥದ್ದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಗರದಲ್ಲಿ, ನೀಲಗಿರಿ, ಸುಬಾಬುಲ್‌ನಂಥ ಕೆಲವು ಜಾತಿ ಬಿಟ್ಟರೆ, ಸ್ವಂತ ಕಾಂಪೌಂಡಿನ ಮರಕ್ಕೂ ಟ್ರೀ ಆಫೀಸರ್ ಅನುಮತಿ ಬೇಕು. ಅವರು ಅರಣ್ಯ ಇಲಾಖೆಯವರು. ಅವರಿಗೂ ಒಂದು ಪ್ರತಿ ಕೊಡಿ. ಗಿಡ ನಿಂತಿರುವಾಗಲೇ ಕೊಡಿ. ಬಿದ್ದ ಮೇಲೆ ಕೊಟ್ಟ ದೂರಿನಿಂದ ದಂಡ ಬರಬಹುದು, ನೆರಳು ಬರುವುದಿಲ್ಲ.

ವೈರಿನ ಭಯ ಮಾತ್ರ ನಿಜವಾದ ಭಯ. ಅದನ್ನು ತಳ್ಳಿಹಾಕಬೇಡಿ. ಕರೆಂಟ್ ಕಚೇರಿಗೆ ಬರೆದು, ಲೈನ್ ಬಂದ್ ಮಾಡಿಸಿ, ತಾಗುವ ಟೊಂಗೆಯನ್ನಷ್ಟೇ ಗರಗಸದಿಂದ ತೆಗೆಸಿ. ತಲೆ ಪೂರಾ ಬೋಳಿಸಲು ಬಿಡಬೇಡಿ.

ದೆವ್ವದ ಮಾತಿಗೆ ನಗಬೇಡಿ ತಂಗಿ. ಹುಣಸಿ ಕೆಳಗೆ ರಾತ್ರಿ ಮಲಗಬಾರದು ಅಂತ ಕೇಳುತ್ತಾ ಬೆಳೆದವರು ಅವರು. ಮೇ ತಿಂಗಳ ಮಧ್ಯಾಹ್ನ, 43 ಡಿಗ್ರಿ ಬಿಸಿಲಲ್ಲಿ, ತಳ್ಳುಗಾಡಿಯವರೂ ಶಾಲೆಯ ಮಕ್ಕಳೂ ಎಲ್ಲಿ ನಿಲ್ಲುತ್ತಾರೆ ಅಂತ ತೋರಿಸಿ. ಕಾಯಿ ಹಣ್ಣಾದಾಗ ಓಣಿಯವರೆಲ್ಲ ಸೇರಿ ಉದುರಿಸಿ, ಮೊದಲ ಪಾಲು ಕಾಕಾ ಮನೆಗೆ ಕೊಡಿ. ನನ್ನ ನಂಬಿಕೆ ಇಷ್ಟು: ಒಂದು ಗಿಡದಿಂದ ತಮಗೂ ಏನಾದರೂ ಬರುತ್ತದೆ ಅಂದಾಗ ಜನ ಅದನ್ನು ಕಡಿಯಲು ಬಂದವರಿಗೆ ಅಡ್ಡ ನಿಲ್ಲುತ್ತಾರೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರತಿ ವನಮಹೋತ್ಸವಕ್ಕೆ ಸಸಿ ನೆಡುತ್ತೇವೆ. ಬೇಸಿಗೆಗೆ ಎಲ್ಲಾ ಒಣಗುತ್ತವೆ. ಯಾಕೆ?
– ಶಿಕ್ಷಕರು, ಬೀದರ್ ಜಿಲ್ಲೆ

ಉತ್ತರ: ಗುರುಗಳೇ, ಈ ಸಲ ಕಡಿಮೆ ನೆಡಿ. ಏಪ್ರಿಲ್-ಮೇ ರಜೆಯಲ್ಲಿ ನೀರು ಹಾಕುವವರು ಎಷ್ಟು ಜನ ಸಿಗುತ್ತಾರೋ ಅಷ್ಟೇ ಸಸಿ. ನಿಮ್ಮ ಕಡೆ ಕೆಂಪು ಮಣ್ಣಿನ ಕೆಳಗೆ ಜಂಬಿಟ್ಟಿಗೆ ಕಲ್ಲು ಗಟ್ಟಿಯಾಗಿರುತ್ತದೆ. ಗುಂಡಿ ಅಗಲವಾಗಿ, ಆಳವಾಗಿ ತೋಡಿಸಿ. ಬೇವು, ಹೊಂಗೆ ನಮ್ಮ ಬಿಸಿಲು ತಡೆಯುತ್ತವೆ. ಆಡುಗಳು ಬಾಯಿ ಹಾಕದಂತೆ ಜಾಲಿ ಮುಳ್ಳು ಸುತ್ತಿ. ದಿನಾ ಒಂದು ಚೊಂಬು ನೀರು ಹಾಕಿದರೆ ಮೇಲೇ ಆರಿಹೋಗುತ್ತದೆ. ಪಕ್ಕದಲ್ಲಿ ತೂತು ಮಾಡಿದ ಮಣ್ಣಿನ ಗಡಿಗೆ ಹೂತು, ಖಾಲಿಯಾದಾಗೆಲ್ಲ ತುಂಬಿಸಿ. ಎರಡು ಬೇಸಿಗೆ ಹೀಗೆ ನೋಡಿಕೊಳ್ಳಿ, ಆಮೇಲೆ ಹೊಸ ಸಸಿ ತನ್ನಿ.