ಜ್ವರ ವಾಸಿಯಾಯ್ತು, ಲೆಕ್ಕಕ್ಕೆ ಬರಲಿಲ್ಲ

ಚಳ್ಳಕೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಕುರಿ ಕಾಯುವ ಅಪ್ಪನಿಗೆ ಐದು ದಿನ ಜ್ವರ, ತಲೆನೋವು, ಆಮೇಲೆ ಅಂಗೈ ಅಂಗಾಲಲ್ಲೂ ಕೆಂಪು ಚುಕ್ಕೆ. ಊರವರು ಮಂಗನ ಕಾಯಿಲೆ ಅಂದರು. ಡಾಕ್ಟರು ಉಣ್ಣೆ ಕಚ್ಚಿ ಬರುವ ಜ್ವರ ಅಂತ ಮಾತ್ರೆ ಕೊಟ್ಟರು, ಎರಡು ದಿನಕ್ಕೆ ಇಳಿಯಿತು. ರಕ್ತದ ರಿಪೋರ್ಟ್ ಮಾತ್ರ ನೆಗೆಟಿವ್. ಇಲ್ಲದ ಕಾಯಿಲೆಗೆ ಮಾತ್ರೆ ಕೊಟ್ಟರಾ? ನಮ್ಮ ಜಿಲ್ಲೆಯಲ್ಲಿ ಈ ಕಾಯಿಲೆ ಇದೆಯಾ, ಇಲ್ವಾ?"

ಡಾಕ್ಟರು ಮಾಡಿದ್ದು ಸರಿಯಾಗಿಯೇ ಇದೆ. ಮಂಗನ ಕಾಯಿಲೆ ವೈರಸ್ಸಿನದು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾಗಿದ್ದು. ಅದಕ್ಕೆ ಡಾಕ್ಟರು ಕೊಟ್ಟ ಡಾಕ್ಸಿಸೈಕ್ಲಿನ್ ಮಾತ್ರೆ ನಾಟುವುದಿಲ್ಲ. ಅವರು ಅನುಮಾನಿಸಿದ್ದು ರಿಕೆಟ್ಸಿಯಾ ಅನ್ನುವ ಬ್ಯಾಕ್ಟೀರಿಯಾವನ್ನು. ಅದಕ್ಕೆ ಈ ಮಾತ್ರೆಯೇ ಮದ್ದು, ರಿಪೋರ್ಟಿಗೆ ಕಾಯದೆ ಶುರು ಮಾಡಬೇಕು, ತಡವಾದರೆ ಜೀವಕ್ಕೇ ಕುತ್ತು. ಇದನ್ನು ಹರಡುವುದು ಮುಖ್ಯವಾಗಿ ನಾಯಿ ಉಣ್ಣೆ. (ಚಳ್ಳಕೆರೆಯಲ್ಲಿ ಉಣ್ಣೆ ಅಂದರೆ ಕಂಬಳಿಯೇ ನೆನಪಾಗುತ್ತೆ, ನಾನು ಹೇಳುತ್ತಿರುವುದು ಹುಳದ ವಿಷಯ.) ಇದಕ್ಕೆ ಮಲೆನಾಡಿನ ಕಾಡೇ ಬೇಕಂತಿಲ್ಲ, ಜಗಲಿ ಮೇಲೆ ಮಲಗುವ ನಾಯಿ ಸಾಕು.

ಮತ್ತೆ ನೆಗೆಟಿವ್ ಯಾಕೆ ಬಂತು? ರಿಪೋರ್ಟಿನ ಫೋಟೋ ಕಳಿಸಿದ್ದೀರಿ, ಅದು ವೈಲ್-ಫೆಲಿಕ್ಸ್ ಪರೀಕ್ಷೆ. 1916ರ ಹಳೇ ಪದ್ಧತಿ, ಅಗ್ಗ. ಅದು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು, ಅದೂ ಪ್ರೋಟಿಯಸ್ ಅನ್ನುವ ಬೇರೊಂದು ಬ್ಯಾಕ್ಟೀರಿಯಾ ಇಟ್ಟುಕೊಂಡು. ಮೊದಲ ವಾರ ರಕ್ತದಲ್ಲಿ ಪ್ರತಿಕಾಯವೇ ಸಾಕಷ್ಟು ಇರುವುದಿಲ್ಲ. ನಿಮ್ಮ ಅಪ್ಪನ ರಕ್ತ ತೆಗೆದದ್ದು ಐದನೇ ದಿನ.

ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕೊಟ್ಟು ಹೋಲಿಸಿದರೆ ಗೊತ್ತಾಗುತ್ತೆ. ಆದರೆ ಜ್ವರ ಬಿಟ್ಟು ಕುರಿ ಹಿಂದೆ ಹೊರಟವರು ಸುಮ್ನೆ ಸೂಜಿ ಚುಚ್ಚಿಸಿಕೊಳ್ಳೋಕೆ ಬರ್ತಾರಾ? ಬರಲ್ಲ. ಅಲ್ಲಿಗೆ ಸರ್ಕಾರದ ರೋಗದ ಲೆಕ್ಕ ತಪ್ಪಿತು. ಉಪಕೇಂದ್ರದ ಸಿಸ್ಟರ್ ತುಂಬುವ ಎಸ್ ಫಾರಂನಲ್ಲಿ ಅದು ಬರೀ 'ಜ್ವರ', ಡಾಕ್ಟರ ಪಿ ಫಾರಂನಲ್ಲಿ ಬಂದರೆ ಅನುಮಾನ, ಲ್ಯಾಬಿನ ಎಲ್ ಫಾರಂನಲ್ಲಿ ಸೊನ್ನೆ. ಬೇಗ ಗುರುತಿಸಿ ವಾಸಿ ಮಾಡಿದ ಡಾಕ್ಟರ ರೋಗಿಯೇ ಲೆಕ್ಕದಿಂದ ಹೊರಗುಳಿಯುತ್ತಾನೆ, ನೋಡಿ ತಮಾಷೆ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಅಮೆರಿಕದಲ್ಲಿ ಉಣ್ಣೆಯಿಂದ ಬರುವ ಲೈಮ್ ಕಾಯಿಲೆ 1991ರಿಂದಲೇ ಸರ್ಕಾರಿ ಲೆಕ್ಕದಲ್ಲಿದೆ. 2010ರಿಂದ 2018ರವರೆಗೆ ವರ್ಷಕ್ಕೆ ವರದಿಯಾಗುತ್ತಿದ್ದದ್ದು ಮೂವತ್ತು ನಲವತ್ತು ಸಾವಿರದ ಆಸುಪಾಸು, ಚಿಕಿತ್ಸೆ ಪಡೆದವರ ಅಂದಾಜು 4,76,000! 2022ರಲ್ಲಿ ಎಣಿಸುವ ನಿಯಮ ಬದಲಾಯಿಸಿದರು, ಕಾಯಿಲೆ ಜಾಸ್ತಿ ಇರುವ ರಾಜ್ಯಗಳಲ್ಲಿ ಲ್ಯಾಬ್ ರಿಪೋರ್ಟ್ ಒಂದೇ ಸಾಕು ಅಂತ. ಆ ವರ್ಷದ ಲೆಕ್ಕ 62 ಸಾವಿರ ದಾಟಿತು. ಉಣ್ಣೆಗಳೇನೂ ಅಷ್ಟು ಬೇಗ ಮರಿ ಹಾಕಿರಲಿಲ್ಲ.

ಹಾಗಾಗಿ ಜಿಲ್ಲೆಯ ಪಟ್ಟಿಯಲ್ಲಿ ಸೊನ್ನೆ ಇದ್ದರೆ ಕಾಯಿಲೆ ಇಲ್ಲ ಅಂತ ನಾನಂತೂ ಓದಲ್ಲ. ಅಪ್ಪನನ್ನು ಇನ್ನೊಮ್ಮೆ ರಕ್ತ ಕೊಡೋಕೆ ಒಪ್ಪಿಸಿ, ಸಾಧ್ಯವಾದರೆ ರಿಕೆಟ್ಸಿಯಾದ ಪ್ರತಿಕಾಯವನ್ನೇ ಹುಡುಕುವ ಐಜಿಎಂ ಎಲಿಸಾ ಪರೀಕ್ಷೆ ಕೇಳಿ. ಮನೆ ನಾಯಿಯ ಕಿವಿ ಮಡಚಿ ನೋಡಿ, ರಕ್ತ ಕುಡಿದ ಉಣ್ಣೆ ಥೇಟ್ ಹರಳು ಬೀಜದ ಹಾಗೆ ಕೂತಿರುತ್ತೆ. ಸೀಮೆಎಣ್ಣೆ ಸುರಿಯಬೇಡಿ, ಬೆರಳಲ್ಲಿ ಹಿಸುಕಬೇಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ. ಎರಡನೇ ರಿಪೋರ್ಟ್ ಬಂದರೆ ಡಾಕ್ಟರಿಗೆ ತೋರಿಸಿ, ನಮಗೂ ಒಂದು ಸಾಲು ಬರೆಯಿರಿ.

— ಸಂಪಾದಕ