ಮುಳುಗಿಹೋದ ಲೆಮೂರಿಯಾ ಖಂಡದಿಂದಲೇ ಮಾನವರು ಬಂದರೆಂಬುದು ನಿಜವೇ?

ನಿಜವಲ್ಲ, ಆದರೆ ಈ ಕಲ್ಪನೆಯನ್ನು ಮೊದಲು ಮುಂದಿಟ್ಟವರು ವಿಜ್ಞಾನಿಗಳೇ. ಕೋತಿಗಳ ದೂರದ ಬಂಧುಗಳಾದ ಲೆಮೂರ್‌ಗಳೆಂಬ ಪ್ರಾಣಿಗಳು ಆಫ್ರಿಕಾದ ಬಳಿಯ ಮಡಗಾಸ್ಕರ್ ದ್ವೀಪದಲ್ಲಿಯೂ ಅವುಗಳ ಬಂಧುವಾದ ಕಾಡುಪಾಪ ದಕ್ಷಿಣ ಭಾರತದಲ್ಲಿಯೂ ಇರುವುದನ್ನು ವಿವರಿಸಲು, ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರ್ 1864ರಲ್ಲಿ ಹಿಂದೂ ಮಹಾಸಾಗರದಲ್ಲಿ ಮುಳುಗಿದ ಭೂಭಾಗವೊಂದನ್ನು ಊಹಿಸಿ ಅದಕ್ಕೆ ಲೆಮೂರಿಯಾ ಎಂದು ಹೆಸರಿಟ್ಟನು. ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಅದೇ ಮಾನವಕುಲದ ಮೂಲಸ್ಥಾನವಾಗಿರಬಹುದೆಂದನು. ಥಿಯಾಸಫಿ ಎಂಬ ಗೂಢಾಧ್ಯಾತ್ಮ ಪಂಥದ ಬ್ಲಾವಟ್ಸ್ಕಿ ಅಲ್ಲಿ ದೈತ್ಯಾಕಾರದ ಪ್ರಾಚೀನ ಜನಾಂಗವನ್ನೇ ನೆಲೆಗೊಳಿಸಿದರು. ಅಲ್ಲಿಗೆ ವಿಜ್ಞಾನದ ಎಳೆ ಕಡಿದುಹೋಯಿತೆನ್ನಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಭೂಫಲಕಗಳ, ಅಂದರೆ ಭೂಮಿಯ ಹೊರಪದರದ ಬೃಹತ್ ತುಂಡುಗಳ, ಚಲನೆ ಸಿದ್ಧಪಟ್ಟ ಮೇಲೆ, ಖಂಡವು ಮುಳುಗಿದ್ದಲ್ಲ, ಭೂಭಾಗಗಳೇ ಪರಸ್ಪರ ದೂರ ಸರಿದವು ಎಂಬುದು ಸ್ಪಷ್ಟವಾಯಿತು. ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬದಂತಹ ಶಿಲೆಗಳು, ಭಾರತವು ಮಡಗಾಸ್ಕರ್‌ನಿಂದ ಬೇರ್ಪಡುತ್ತಿದ್ದಾಗ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾದಿಂದ ಆದವು. ನಮ್ಮ ಪ್ರಭೇದದ ಅತಿ ಹಳೆಯ ಪಳೆಯುಳಿಕೆಗಳಾದರೋ ಆಫ್ರಿಕಾದವು, ಸುಮಾರು 3 ಲಕ್ಷ ವರ್ಷಗಳಷ್ಟು ಹಿಂದಿನವು. ಲೆಮೂರ್‌ಗಳ ಪೂರ್ವಜರು ಸಹ ಬಹುಶಃ ಆಫ್ರಿಕಾದಿಂದ, ಕಡಲಿನಲ್ಲಿ ತೇಲುವ ಗಿಡಮರಗಳ ರಾಶಿಯ ಮೇಲೆ, ಮಡಗಾಸ್ಕರ್ ಸೇರಿದವೆಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ.